ಬೇರೆ ಬೇರೆ ಕಾರ್ಯಕ್ರಮಗಳಲ್ಲಿ ಮಾತಿನ ಗಟ್ಟಿತನವನ್ನು ಒಂದೇ ಮಟ್ಟದಲ್ಲಿ ಇಡುವುದು ಹೇಗೆ?

ಮಂಡ್ಯದ ಕಬ್ಬು ಬೆಳೆಗಾರರ ಸಂದರ್ಶನ ಮತ್ತು ಮೈಸೂರಿನಲ್ಲಿ ಧ್ವನಿಮುದ್ರಿಸಿದ ನಾಟಕ, ಎರಡರ ಗರಿಷ್ಠ ಮಟ್ಟವನ್ನೂ ಸಮ ಮಾಡಿದ ಮೇಲೂ ನಾಟಕದ ಮಾತು ಮೆಲ್ಲಗೆ ಕೇಳುತ್ತದೆ ಎಂದಿದ್ದೀರಿ. ಸಮ ಮಾಡಿದ ಆ ಗರಿಷ್ಠ ಮಟ್ಟವೇ ಇದಕ್ಕೆ ಕಾರಣ: ನಾಟಕದಲ್ಲಿ ತಮಟೆಯ ಒಂದೇ ಪೆಟ್ಟು ಮೇಲಿನ ಮಿತಿಯನ್ನು ಮುಟ್ಟಿದರೆ ಸಾಕು, ಸಂಭಾಷಣೆಯೆಲ್ಲ ಬಹಳ ಕೆಳಗೇ ಉಳಿಯುತ್ತದೆ.

ಕಿವಿಗೆ ಕೇಳುವ ಗಟ್ಟಿತನವನ್ನು ಅಳೆಯಲು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) 2006ರಲ್ಲಿ ಬಿಎಸ್ 1770 ಎಂಬ ಶಿಫಾರಸನ್ನು ಹೊರತಂದಿತು. ಎಲ್‌ಯುಎಫ್‌ಎಸ್ ಮಾಪಕಗಳು ಅದನ್ನೇ ಅನುಸರಿಸುತ್ತವೆ; ಎಲ್‌ಯುಎಫ್‌ಎಸ್ ಎಂಬುದು ಗಟ್ಟಿತನದ ಮಾನ, ಅದರ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಸದ್ದು ಗಟ್ಟಿ. ಯುರೋಪಿನ ಪ್ರಸಾರಕರ ಆರ್ 128 ನಿಯಮದಂತೆ ಇಡೀ ಕಾರ್ಯಕ್ರಮದ ಸರಾಸರಿ −23 ಎಲ್‌ಯುಎಫ್‌ಎಸ್ ಇರಬೇಕು. ಆದರೆ ಸಂಗೀತ ಮತ್ತು ಸದ್ದು ತುಂಬಿದ ನಾಟಕದಲ್ಲಿ ಈ ಸರಾಸರಿಯಿಂದ ಮಾತಿನ ಮಟ್ಟ ತಿಳಿಯುವುದಿಲ್ಲವಾದ್ದರಿಂದ, ಮಾತು ಮಾತ್ರ ಇರುವ ಭಾಗಗಳನ್ನು ಆಯ್ದು ಅಳೆಯುವುದು ಮೇಲು. ಸಂದರ್ಶನ −18, ನಾಟಕದ ಸಂಭಾಷಣೆ −27 ಎಂದು ಬಂದರೆ, ಸಂದರ್ಶನವನ್ನು ಇಡಿಯಾಗಿ 9 ಡೆಸಿಬೆಲ್ ಇಳಿಸಬೇಕು. ನಾಟಕವನ್ನು ಏರಿಸಹೊರಟರೆ ತಮಟೆಯ ಸದ್ದು ಒಡೆಯುತ್ತದೆ. ಮೊಬೈಲಿನಲ್ಲಿ ಕೇಳುವವರಿಗೆ −27 ತೀರ ಕಡಿಮೆ ಎನಿಸಿದರೆ, ಆ ಪೆಟ್ಟುಗಳನ್ನಷ್ಟೇ ಮಿತಿ ಮೀರುವ ಸದ್ದನ್ನು ತಡೆಯುವ ಲಿಮಿಟರ್‌ನಿಂದ ತಗ್ಗಿಸಿ, ಎರಡನ್ನೂ ಸಮನಾಗಿ ಮೇಲೆತ್ತಬಹುದು. ಡಾಲ್ಬಿ ಡಿಜಿಟಲ್ ಎಂಬ ಧ್ವನಿ ಪ್ರಸಾರ ವಿಧಾನದಲ್ಲಂತೂ ಮಾತಿನ ಮಟ್ಟವನ್ನು ಧ್ವನಿಯೊಂದಿಗೇ ಅಂಕಿಯಾಗಿ ಕಳುಹಿಸಲಾಗುತ್ತದೆ. ಅದನ್ನು ಓದಿ ಧ್ವನಿಯನ್ನು ಇಳಿಸುವ ಕೆಲಸವನ್ನು ಕೇಳುಗರ ಮನೆಯ ಉಪಕರಣವೇ ಮಾಡುತ್ತದೆ.