ಅಮೆರಿಕಕ್ಕೆ ನಮ್ಮ ಮಿಕ್ಸಿ ಒಯ್ಯಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಪರದೇಶಕ್ಕೆ ಹೊರಟವರದ್ದೇ ಜಾಸ್ತಿ. ಒಬ್ಬರು ಮಗಳ ಬಾಣಂತನಕ್ಕೆ, ಒಬ್ಬರು ಉಮ್ರಾಕ್ಕೆ, ಒಬ್ಬರು ಓದಲಿಕ್ಕೆ. ಕೇಳುವುದು ಮಾತ್ರ ಎಲ್ಲರೂ ಒಂದೇ: ನಮ್ಮ ಸಾಮಾನು ಅಲ್ಲಿಯ ಕರೆಂಟಿಗೆ ನಡೆಯುತ್ತಾ?

ಪ್ರಶ್ನೆ: ಮಗಳು ಅಮೆರಿಕದ ಡಲ್ಲಾಸ್‌ನಲ್ಲಿದ್ದಾಳೆ. ಬಾಣಂತನಕ್ಕೆ ಆರು ತಿಂಗಳು ಹೋಗುತ್ತಿದ್ದೇನೆ. ಶೇಂಗಾ ಹಿಂಡಿ, ಮಸಾಲೆ ಮಾಡಲು ನಮ್ಮ 750 ವ್ಯಾಟಿನ ಮಿಕ್ಸಿ ಒಯ್ಯುವ ಆಸೆ. ಇಲ್ಲಿ ಅಂಗಡಿಯವರು 'ಎಲ್ಲ ದೇಶಕ್ಕೂ ನಡೆಯುತ್ತದೆ' ಅಂತ ಒಂದು ಅಡಾಪ್ಟರ್ ಕೊಟ್ಟಿದ್ದಾರೆ. ಅದೊಂದೇ ಸಾಕಾ? (ಓದುಗರೊಬ್ಬರು, ಕಲಬುರಗಿ)

ಉತ್ತರ: ಸಾಕಾಗುವುದಿಲ್ಲ ತಾಯಿ. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರ ಮಾತ್ರ. ನಮ್ಮ ದುಂಡು ಪಿನ್ನನ್ನು ಅಲ್ಲಿಯ ಚಪ್ಪಟೆ ತೂತಿಗೆ ಕೂರಿಸುತ್ತದೆ, ಅಷ್ಟೇ. ಬರುವ ಕರೆಂಟು ಅಲ್ಲಿಯದೇ. ನಮ್ಮಲ್ಲಿ 230 ವೋಲ್ಟ್, ಅಮೆರಿಕದಲ್ಲಿ 120. ಹೆಚ್ಚುಕಡಿಮೆ ಅರ್ಧ.

ಅರ್ಧ ಕರೆಂಟಿಗೆ ಏನಾಗುತ್ತದೆ ಅಂತ ನೀವು ಮನೆಯಲ್ಲೇ ನೋಡಿರುತ್ತೀರಿ. ಏಪ್ರಿಲ್, ಮೇ ತಿಂಗಳಲ್ಲಿ ಓಣಿಯ ಕೂಲರ್‌ಗಳೆಲ್ಲ ಒಮ್ಮೆಲೇ ಓಡುವಾಗ ವೋಲ್ಟೇಜ್ ಬಿದ್ದು ಫ್ಯಾನು ಸೊರಗುತ್ತದೆ, ಮಿಕ್ಸಿ ಹಾಕಿದರೆ ಮುಲುಗುತ್ತದೆ. ಆದರೆ ಅದೇ ಹೊತ್ತಿಗೆ ಪಕ್ಕದಲ್ಲಿ ಮೊಬೈಲ್ ಆರಾಮಾಗಿ ಚಾರ್ಜ್ ಆಗುತ್ತಿರುತ್ತದೆ, ಅಲ್ವಾ? ಚಾರ್ಜರ್ ತನಗೆ ಬಂದ ಕರೆಂಟನ್ನು ಮೊದಲು ಡಿಸಿ, ಅಂದರೆ ಬ್ಯಾಟರಿಯಲ್ಲಿರುವಂತೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು, ಮಾಡಿಕೊಂಡು, ಆಮೇಲೆ ಕತ್ತರಿಸಿ ಫೋನಿಗೆ ಬೇಕಾದಷ್ಟೇ ಕೊಡುತ್ತದೆ. ಹಾಗಾಗಿ 100 ಇರಲಿ 240 ಇರಲಿ, ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಿಕ್ಸಿಯೊಳಗೆ ಇರುವುದು ಸುಮ್ನೆ ಮೋಟರ್. ಕೊಟ್ಟಷ್ಟೇ ತಿರುಗುತ್ತದೆ. ಡಲ್ಲಾಸ್‌ನಲ್ಲಿ ಖಾಲಿ ಜಾರ್ ತಿರುಗಬಹುದು, ಒಂದು ಮುಷ್ಟಿ ಶೇಂಗಾ ಬಿದ್ದ ಕೂಡಲೇ ಗುಂಯ್ ಅಂತ ನಿಲ್ಲುತ್ತದೆ. ನಿಂತ ಮೋಟರಿಗೆ ಕರೆಂಟು ಹೋಗುತ್ತಲೇ ಇದ್ದರೆ ವೈಂಡಿಂಗ್ ಕಾದು ಸುಡುತ್ತದೆ.

ಹಾಗಾದರೆ ವೋಲ್ಟ್ ಬದಲಿಸುವ ಕನ್ವರ್ಟರ್ ತಗೊಳ್ಳಲಾ ಅಂತ ಕೇಳುತ್ತೀರಿ. ಮೋಟರಿಗೆ ಬೇಕಾಗಿರುವುದು ಕಬ್ಬಿಣದ ತಿರುಳಿಗೆ ತಾಮ್ರದ ತಂತಿ ಸುತ್ತಿದ ನಿಜವಾದ ಸ್ಟೆಪ್ ಅಪ್ (ವೋಲ್ಟ್ ಏರಿಸುವ) ಟ್ರಾನ್ಸ್‌ಫಾರ್ಮರ್. ಮಿಕ್ಸಿ ಶುರುವಾಗುವಾಗ ಜಾಸ್ತಿ ಎಳೆಯುತ್ತದೆ, ಆದ್ದರಿಂದ 750 ವ್ಯಾಟಿಗೆ 1500 ವ್ಯಾಟಿನದ್ದಾದರೂ ಬೇಕು. ಅದು ಕೈಯಲ್ಲಿ ಎತ್ತಿದರೆ ತೋಳು ಜಗ್ಗುವಷ್ಟು ಭಾರ. ಆ ತೂಕಕ್ಕೆ ನೀವು ರೊಟ್ಟಿ, ಹಿಂಡಿ, ತೊಗರಿಬೇಳೆ ಒಯ್ಯಬಹುದು. ಅಂಗೈಯಲ್ಲಿ ಹಿಡಿಯುವಷ್ಟು ಹಗುರಾಗಿದ್ದು '1600 ವ್ಯಾಟ್' ಅಂತ ಬರೆದಿರುವ ಕನ್ವರ್ಟರ್‌ಗಳು ಸಿಗುತ್ತವೆ. ಅವು ಇಸ್ತ್ರಿಪೆಟ್ಟಿಗೆಯಂಥ ಬಿಸಿಯಾಗುವ ಸಾಮಾನಿಗೆ ಮಾತ್ರ. ಮೋಟರಿಗೆ, ಎಲೆಕ್ಟ್ರಾನಿಕ್ ಸಾಮಾನಿಗೆ ಹಾಕಬೇಡಿ.

ನನ್ನ ಮಾತು ಕೇಳುವುದಾದರೆ, ನಮ್ಮ ಮಿಕ್ಸಿ ಮನೆಯಲ್ಲೇ ಇರಲಿ. ಅಮೆರಿಕಕ್ಕಂತಲೇ 110 ವೋಲ್ಟಿನ (ಅಲ್ಲಿಯ 120ಕ್ಕೂ ನಡೆಯುವ) ಇಂಡಿಯನ್ ಮಿಕ್ಸಿ ತಯಾರಾಗುತ್ತದೆ, ಅಲ್ಲೇ ಕೊಳ್ಳಬಹುದು. ಜಾರ್, ಬ್ಲೇಡು ಎಲ್ಲ ನಮ್ಮದರ ಹಾಗೇ ಇರುತ್ತವೆ. ಅಂಗಡಿಯವರು ಕೊಟ್ಟ ಅಡಾಪ್ಟರ್ ವ್ಯರ್ಥವಾಗಲಿಲ್ಲ, ನಿಮ್ಮ ಮೊಬೈಲ್ ಚಾರ್ಜರಿಗೆ ಬೇಕಾಗುತ್ತದೆ.

ಪ್ರಶ್ನೆ: ಅಪ್ಪ, ಅಮ್ಮನನ್ನು ಉಮ್ರಾಕ್ಕೆ ಕರೆದೊಯ್ಯುತ್ತಿದ್ದೇನೆ. ಎರಡು ಮೊಬೈಲ್, ಪವರ್ ಬ್ಯಾಂಕ್, ಔಷಧವನ್ನು ಮಂಜು ಮಾಡಿ ಉಸಿರಿಗೆ ಕೊಡುವ ಅಪ್ಪನ ನೆಬ್ಯುಲೈಜರ್ ಇವೆ. ಅಲ್ಲಿ ಕನ್ವರ್ಟರ್ ಬೇಕಾ? (ಓದುಗರೊಬ್ಬರು, ಬೀದರ್)

ಉತ್ತರ: ಮೊಬೈಲಿಗೆ ಬೇಡ. ಸೌದಿಯಲ್ಲಿ ಈಗ 230 ವೋಲ್ಟೇ. ಪಿನ್ ಮಾತ್ರ ಬ್ರಿಟನ್ನಿನಲ್ಲಿರುವಂಥದ್ದು, ಮೂರು ಚಪ್ಪಟೆ ಕಾಲಿನದು. ಅದಕ್ಕೆ ಸರಿಯಾದ ಅಡಾಪ್ಟರ್ ಒಂದು ಒಯ್ಯಿರಿ, ಜೊತೆಗೆ ನಮ್ಮ ಒಂದು ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡ್ ಇಟ್ಟುಕೊಳ್ಳಿ. ಒಂದು ಅಡಾಪ್ಟರಿನಲ್ಲಿ ಮೂರು ಫೋನ್ ಚಾರ್ಜ್ ಆಗುತ್ತವೆ. ಆ ಬೋರ್ಡಿಗೆ ಇಸ್ತ್ರಿ, ಕೆಟಲ್ ಮಾತ್ರ ಹಾಕಬೇಡಿ.

ಒಂದು ಎಚ್ಚರಿಕೆ. ಆ ಸಾಕೆಟ್ಟಿನ ಕೆಳಗಿನ ಎರಡು ತೂತಿಗೆ ಒಳಗಿನಿಂದ ಪುಟ್ಟ ಬಾಗಿಲು ಇರುತ್ತದೆ. ಮೇಲಿನ ಅರ್ಥಿಂಗ್ ಪಿನ್ ಉದ್ದವಾಗಿದ್ದು, ಅದು ಮೊದಲು ಒಳಗೆ ಹೋದಾಗ ಬಾಗಿಲು ಸರಿಯುತ್ತದೆ. ನಮ್ಮವರು ಅಲ್ಲಿಗೆ ಪೆನ್ನು ತುರುಕಿ ಬಾಗಿಲು ಸರಿಸಿ ಎರಡು ಪಿನ್ನಿನ ಚಾರ್ಜರ್ ಒತ್ತಿಬಿಡುತ್ತಾರೆ. ದಯವಿಟ್ಟು ಬೇಡ. ಪಿನ್ ಸಡಿಲಾಗಿ ಕೂತು ಕಿಡಿ ಹಾರುತ್ತದೆ, ಆ ಬಾಗಿಲು ಇಟ್ಟದ್ದೇ ಮಕ್ಕಳ ಜೀವ ಕಾಯಲಿಕ್ಕೆ.

ಈಗ ನೆಬ್ಯುಲೈಜರ್. ಅದನ್ನು ತಿರುಗಿಸಿ ತಳದ ಲೇಬಲ್ ನೋಡಿ. ಅಕ್ಷರ ಎಳ್ಳಿನಷ್ಟು ಸಣ್ಣದು, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. 'ಇನ್‌ಪುಟ್' ಎದುರು '100-240 ವೋಲ್ಟ್, 50/60 ಹರ್ಟ್ಜ್' (ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆ ಅನ್ನುವ ಲೆಕ್ಕ) ಅಂತ ಇದ್ದರೆ ನಿಶ್ಚಿಂತೆ. '230 ವೋಲ್ಟ್, 50 ಹರ್ಟ್ಜ್' ಅಂತ ಮಾತ್ರ ಇದ್ದರೆ ಯೋಚಿಸಬೇಕು, ಯಾಕೆಂದರೆ ಸೌದಿಯಲ್ಲಿ ವೋಲ್ಟ್ ನಮ್ಮಷ್ಟೇ ಇದ್ದರೂ ಹರ್ಟ್ಜ್ 60. ಪ್ರಯಾಣದ ಕನ್ವರ್ಟರ್ ಹರ್ಟ್ಜ್ ಬದಲಿಸುವುದಿಲ್ಲ. ಉಸಿರಿನ ವಿಷಯದಲ್ಲಿ 'ನಡೆದೀತು' ಅನ್ನಬೇಡಿ. ಬ್ಯಾಟರಿಯಲ್ಲಿ ನಡೆಯುವ ಕೈಯಗಲದ ಮೆಶ್ ನೆಬ್ಯುಲೈಜರ್ ಸಿಗುತ್ತದೆ. ಅಪ್ಪನ ಔಷಧ ಅದಕ್ಕೆ ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಿ, ಹೋಗುವ ಮೊದಲೇ ಮನೆಯಲ್ಲಿ ನಾಲ್ಕು ದಿನ ಬಳಸಿ ನೋಡಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ನಿಮ್ಮದು 20,000 ಎಂಎಎಚ್ (ಅದರ ಮೇಲೆ ಬರೆದಿರುವ ಅಳತೆ) ಆದರೆ ಅದು 74 ವ್ಯಾಟ್ ಅವರ್. ವಿಮಾನದಲ್ಲಿ ಮಿತಿ 100 ವ್ಯಾಟ್ ಅವರ್, ಹಾಗಾಗಿ ತೊಂದರೆಯಿಲ್ಲ.

ಪ್ರಶ್ನೆ: ಎಂಎಸ್ ಮಾಡಲು ಜರ್ಮನಿಗೆ ಹೊರಟಿದ್ದೇನೆ. ಲ್ಯಾಪ್‌ಟಾಪ್, 2000 ವ್ಯಾಟಿನ ಇಂಡಕ್ಷನ್ ಒಲೆ ಒಯ್ಯಲಾ? ಎರಡು ಪಿನ್ನಿನ ಅಡಾಪ್ಟರ್ ಹಾಕಿದಾಗ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ ಅನ್ನುತ್ತದೆ, ಯಾಕೆ? (ವಿದ್ಯಾರ್ಥಿ, ಹುಮನಾಬಾದ್)

ಉತ್ತರ: ಜರ್ಮನಿಯಲ್ಲೂ 230 ವೋಲ್ಟ್, 50 ಹರ್ಟ್ಜ್. ಕನ್ವರ್ಟರ್ ಬೇಡ. ಮೊಬೈಲಿನ ಸಣ್ಣ ಎರಡು ಪಿನ್ ಅಲ್ಲಿ ನೇರವಾಗಿ ಹೋಗುತ್ತದೆ, ನಮ್ಮ ದಪ್ಪ ಮೂರು ಪಿನ್ ಹೋಗುವುದಿಲ್ಲ.

ಜುಮ್ ಅನ್ನುವುದು ಅರ್ಥಿಂಗ್ ಕಡಿದುಹೋದದ್ದಕ್ಕೆ. ಚಾರ್ಜರಿನೊಳಗಿನ ಕೆಪಾಸಿಟರ್‌ನಿಂದ ಬರುವ ಒಂದಿಷ್ಟು ಸೋರಿಕೆ ನೆಲಕ್ಕೆ ಇಳಿಯಬೇಕು, ದಾರಿ ಇಲ್ಲದಿದ್ದಾಗ ನಿಮ್ಮ ಕೈಯಲ್ಲಿ ಇಳಿಯುತ್ತದೆ. ಚಾರ್ಜರಿನ ಡಬ್ಬಿಯಿಂದ ಗೋಡೆಗೆ ಹೋಗುವ ತಂತಿ ಬೇರೆಯಾಗಿ ಬಿಚ್ಚಿಬರುತ್ತದಲ್ಲ, ಅದೊಂದನ್ನೇ ಅಲ್ಲಿ ಹೋಗಿ ಅರ್ಥಿಂಗ್ ಇರುವ ಜರ್ಮನ್ ಪಿನ್ನಿನದು ಕೊಂಡರೆ ಅಡಾಪ್ಟರಿನ ಗೊಡವೆಯೇ ಇಲ್ಲ.

ಒಲೆ ಇಲ್ಲೇ ಬಿಟ್ಟು ಹೋಗಿ. 2000 ವ್ಯಾಟ್ ಅಂದರೆ ಸುಮಾರು 9 ಆಂಪಿಯರ್. ಅಗ್ಗದ ಅಡಾಪ್ಟರಿನ ಮೇಲೆ 6 ಆಂಪಿಯರ್ ಅಂತ ಇರುತ್ತದೆ. ಹದಿನೈದು ನಿಮಿಷ ಅನ್ನ ಬೇಯುವಷ್ಟರಲ್ಲಿ ಅದರ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಪ್ರಶ್ನೆ: ಅಣ್ಣ ಅಮೆರಿಕದಿಂದ ಕಾಫಿ ಮೇಕರ್, ಪ್ಲಗ್ಗಿಗೆ ಹಾಕುವ ಅಲಾರಂ ಗಡಿಯಾರ ತಂದಿದ್ದಾನೆ. ಅಡಾಪ್ಟರ್ ಇದೆ. ಹಾಕಲಾ? (ಓದುಗರೊಬ್ಬರು, ಯಾದಗಿರಿ)

ಉತ್ತರ: ಹಾಕಬೇಡಿ! ಇದು ಮೊದಲ ಪ್ರಶ್ನೆಗಿಂತ ಅಪಾಯದ್ದು. ಅಲ್ಲಿ ಕರೆಂಟು ಕಡಿಮೆ ಬೀಳುತ್ತಿತ್ತು, ಇಲ್ಲಿ ಜಾಸ್ತಿ ನುಗ್ಗುತ್ತದೆ. ವೋಲ್ಟೇಜ್ ಎರಡು ಪಟ್ಟಿನ ಹತ್ತಿರ ಹೋದರೆ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. 900 ವ್ಯಾಟಿನ ಕಾಫಿ ಮೇಕರ್ ಇಲ್ಲಿ 3300 ವ್ಯಾಟ್ ಎಳೆಯಲು ನೋಡುತ್ತದೆ. ನಮ್ಮ ಮನೆಯಲ್ಲೇ ಇದು ಆಗಿದೆ. ತಂಗಿ ತಂದ 120 ವೋಲ್ಟಿನ ರೈಸ್ ಕುಕ್ಕರನ್ನು ನಾನು ಊರಲ್ಲಿಲ್ಲದಾಗ ಅಡಾಪ್ಟರ್ ಹಚ್ಚಿ ಹಾಕಿದರು. ಬಂದು ತಳ ಬಿಚ್ಚಿದರೆ ಥರ್ಮಲ್ ಫ್ಯೂಸ್ ಹಾರಿತ್ತು, ತಂತಿಯ ಮೇಲಿನ ತೊಗಲು ಕಪ್ಪಾಗಿ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಆ ಸುಟ್ಟ ವಾಸನೆ ಅಡುಗೆಮನೆಯಿಂದ ಎರಡು ದಿನ ಹೋಗಲಿಲ್ಲ. ಪಕ್ಕದಲ್ಲೇ ಮಗು ಮಲಗಿತ್ತು.

ಕಾಫಿ ಮೇಕರ್ ಬಳಸಲೇಬೇಕಂದರೆ 1500 ವ್ಯಾಟಿನ ಸ್ಟೆಪ್ ಡೌನ್ (ವೋಲ್ಟ್ ಇಳಿಸುವ) ಟ್ರಾನ್ಸ್‌ಫಾರ್ಮರ್ ತನ್ನಿ. ಗಡಿಯಾರಕ್ಕೆ ಅದೂ ಪ್ರಯೋಜನವಿಲ್ಲ. ಅಂಥ ಗಡಿಯಾರ ಬಹುತೇಕ ಕರೆಂಟಿನ ಹರ್ಟ್ಜ್ ಎಣಿಸಿ ಹೊತ್ತು ಹೇಳುತ್ತದೆ. ಅಲ್ಲಿ 60, ಇಲ್ಲಿ 50. ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಅಣ್ಣ ವಾಪಸ್ ಹೋಗುವಾಗ ಅವನ ಪೆಟ್ಟಿಗೆಯಲ್ಲೇ ಇಟ್ಟು ಕಳಿಸಿ.