ದೇವಸ್ಥಾನದ ವಂತಿಗೆಗೆ ಎಷ್ಟು ಬರೆಸಬೇಕು?

ಊರ ದೇವಸ್ಥಾನದ ಜೀರ್ಣೋದ್ಧಾರ, ಪಕ್ಕದ ಮನೆಯವರು ದೊಡ್ಡ ಮೊತ್ತ ಬರೆಸಿದ್ದಾರೆ, ಮನಸ್ಸಿಲ್ಲದಿದ್ದರೂ ಎಷ್ಟು ಕೊಟ್ಟರೆ ಮರ್ಯಾದೆ ಉಳಿಯುತ್ತದೆ ಎಂದು ಕೇಳಿದ್ದೀರಿ. ನಾನೂ ಒಂದು ಸಂಜೆ ಇದೇ ಲೆಕ್ಕ ಹಾಕುತ್ತ ಕೂತಿದ್ದವನು.

ನಮ್ಮದು ಶಿರಸಿ ಸೀಮೆಯ ಒಂದು ಹಳ್ಳಿ. ಒಂದೆಕರೆ ಅಡಿಕೆ ತೋಟ. 2013ರ ಮೇ ತಿಂಗಳು, ದೇವಸ್ಥಾನದ ಚಂದ್ರಶಾಲೆಯಲ್ಲಿ ಸಭೆ ಸೇರಿತ್ತು. ವಂತಿಗೆ ಪಟ್ಟಿ ಕೈಯಿಂದ ಕೈಗೆ ದಾಟುತ್ತಿತ್ತು. ನನಗಿಂತ ಮೊದಲಿನವರು 20 ಸಾವಿರ ಬರೆಸಿದರು. ಅವರ ತೋಟ ನಮ್ಮದಕ್ಕಿಂತ ಚಿಕ್ಕದು. ಐದು ಸಾವಿರ ಬರೆಸಿ ಬರುತ್ತೇನೆಂದು ಹೆಂಡತಿಗೆ ಹೇಳಿ ಹೊರಟಿದ್ದ ನಾನು 25 ಸಾವಿರ ಎಂದುಬಿಟ್ಟೆ.

ತಪ್ಪಾದದ್ದು ಎಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 25 ಸಾವಿರ ಹೆಚ್ಚಾಯಿತು ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. ಆ ದುಡ್ಡು ನನ್ನದೇ ಆಗಿರಲಿಲ್ಲ. ಮನೆಯಲ್ಲಿ ಇದ್ದದ್ದು ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರದಂತೆ ಹೊಡೆಸುವ ಮದ್ದಿಗೆಂದು ತೆಗೆದಿಟ್ಟ ಹಣ. ಅದರಲ್ಲಿ ಎಂಟು ಸಾವಿರ, ಮರ ಹತ್ತಿ ಅಡಿಕೆಗೊನೆ ಕೊಯ್ಯುವ ಕೊನೆಗೌಡನಿಗೆ ಹಿಂದಿನ ಕೊಯ್ಲಿನಿಂದ ಕೊಡಬೇಕಿದ್ದ ಬಾಕಿ. ಮರ ಹತ್ತಿ ಮದ್ದು ಹೊಡೆಯಬಲ್ಲವರು ನಮ್ಮ ಕಡೆ ಈಗ ಬೆರಳೆಣಿಕೆಯಷ್ಟು ಮಂದಿ. ಬಾಕಿ ತೀರಿಸಿ ಮುಂಗಡ ಕೊಟ್ಟರೆ ಮಾತ್ರ ಜೂನ್ ಮೊದಲ ವಾರದ ಪಾಳಿ ಸಿಗುತ್ತದೆ. ಅವನ ಬೆವರಿನ ದುಡ್ಡನ್ನು ನನ್ನ ಹೆಸರಿನಲ್ಲಿ ದೇವರಿಗೆ ಒಪ್ಪಿಸಿ, ರಶೀದಿ ಮಡಿಸಿ ಕಿಸೆಗೆ ಹಾಕಿಕೊಂಡು ಬಂದೆ. ದೇವರ ಕೆಲಸ ತಾನೇ, ಕೊನೆಗೌಡ ಎರಡು ವಾರ ಕಾಯಲಿ ಎಂದುಕೊಂಡೆ. ಆ ಹಣವನ್ನು ಎಣಿಸಿಕೊಡುವಾಗಲೇ ಹೊಟ್ಟೆಯೊಳಗೆ ಕಿವುಚಿದಂತಾಗಿತ್ತು. ಆಗಲೇ ತಿಳಿಯಬೇಕಿತ್ತು.

ಆ ವರ್ಷ ಮಳೆ ಬಿಡದೆ ಹೊಯ್ಯಿತು. ಮೈಲುತುತ್ತ, ಸುಣ್ಣ ತಲಾ ಒಂದು ಕಿಲೋವನ್ನು ನೂರು ಲೀಟರ್ ನೀರಿಗೆ ಬೆರೆಸಿ, ಮಳೆ ಹಿಡಿಯುವ ಮೊದಲು ಅಡಿಕೆಗೊನೆಗಳಿಗೆ ಹೊಡೆಯಬೇಕು. ನಾನು ಹಣ ಹೊಂದಿಸಿಕೊಂಡು ಹೋಗುವ ಹೊತ್ತಿಗೆ ಕೊನೆಗೌಡ ಬೇರೆ ತೋಟಗಳಿಗೆ ಒಪ್ಪಿಕೊಂಡಾಗಿತ್ತು. "ಒಡೆಯಾ, ಮಾತು ಕೊಟ್ಟ ತೋಟ ಮುಗಿಸದೆ ಬರಲಾಗುವುದಿಲ್ಲ" ಎಂದ. ಜುಲೈನಲ್ಲಿ ತೋಟಕ್ಕಿಳಿದರೆ ಬುಡದ ತುಂಬ ಉದುರಿದ ಹಸಿಗಾಯಿ, ಮೈಮೇಲೆ ಬಿಳಿ ಬೂಷ್ಟು. ಅರ್ಧ ಫಸಲು ಕೊಳೆಗೆ ಹೋಯಿತು. ನಿನಗೆ ಅಷ್ಟು ಕೊಟ್ಟೆನಲ್ಲ ಎಂದು ದೇವರ ಮೇಲೆಯೇ ಸಿಟ್ಟು ಬಂತು. ದೇವಸ್ಥಾನಕ್ಕೆ ಹೋದರೂ ಕಣ್ಣು ಮೊದಲು ಹೋಗುತ್ತಿದ್ದದ್ದು ದಾನಿಗಳ ಹೆಸರಿನ ಕಲ್ಲಿಗೆ.

ಮರುವರ್ಷ ಮಾರ್ಚ್‌ನಲ್ಲಿ ಶಿರಸಿಯ ಮಾರಿಕಾಂಬೆಯ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಜನವೋ ಜನ. ಬಿಡಕಿಬಯಲಿನ ಗದ್ದುಗೆಯ ಮುಂದಿನ ಸಾಲಿನಲ್ಲಿ ಕೊನೆಗೌಡ ನನಗಿಂತ ನಾಲ್ಕು ಜನ ಮುಂದೆ ನಿಂತಿದ್ದ. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಸಿಂಗಾರ, ಅಡಿಕೆಯ ಹೂಗೊಂಚಲು. ನೂಕುನುಗ್ಗಲಿನಲ್ಲಿ ಒಂದು ಎಸಳೂ ಉದುರದಂತೆ, ಎಳೆಗೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿ ಹಿಡಿದಿದ್ದ. ಅವನಿಗಿರುವುದು ಮನೆಯ ಹಿಂದಿನ ನಾಲ್ಕು ಮರ. ಒಂದು ಸಿಂಗಾರ ಕೊಯ್ದರೆ ಒಂದು ಕೊನೆ ಅಡಿಕೆ ಹೋಯಿತೆಂದೇ ಲೆಕ್ಕ. ಹೊರಗೆ ಸಿಕ್ಕಾಗ ಅದನ್ನೇ ಹೇಳಿದೆ. "ಹೊಂಬಾಳೆ ಒಡೆಯುವ ಮೊದಲೇ ಇದು ಅಮ್ಮನಿಗೆಂದು ಹೇಳಿಕೊಂಡಿದ್ದೆ" ಎಂದು ನಕ್ಕ. ನಾನು ತಡವಾಗಿ ಕೊಟ್ಟ ಬಾಕಿಯ ಮಾತನ್ನು ಅವನು ಎತ್ತಲಿಲ್ಲ.

ಗೀತೆಯ 17ನೇ ಅಧ್ಯಾಯದಲ್ಲಿ ಫಲದ ಆಸೆಯಿಂದ, ಮನಸ್ಸು ಹಿಂಡಿಕೊಂಡು ಕೊಟ್ಟದ್ದನ್ನು ರಾಜಸ ದಾನ ಎಂದಿದೆ. ಅಲ್ಲಿರುವ ಮಾತು 'ಪರಿಕ್ಲಿಷ್ಟ'. ನನ್ನ 25 ಸಾವಿರಕ್ಕೆ ಇದಕ್ಕಿಂತ ಸರಿಯಾದ ಹೆಸರಿಲ್ಲ.

ಆದ್ದರಿಂದ ಎಷ್ಟು ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ. ಮರ್ಯಾದೆಗೆ ಕೊಡುವುದಾದರೆ ಅದು ಪಕ್ಕದ ಮನೆಯವರಿಗೆ ಕೊಟ್ಟದ್ದು, ದೇವರ ಹೆಸರು ತರಬೇಡಿ. ಸಭೆಯಲ್ಲಿ ಮೊತ್ತ ಹೇಳಲೇಬೇಡಿ. "ಮನೆಯಲ್ಲಿ ಕೇಳಿ ತಿಳಿಸುತ್ತೇನೆ" ಎಂದರೆ ಯಾರೂ ನಿಮ್ಮನ್ನು ತಿನ್ನುವುದಿಲ್ಲ. ಯಾರದಾದರೂ ಕೂಲಿ ಬಾಕಿ ಇದ್ದರೆ ಇವತ್ತೇ ಹೋಗಿ ತೀರಿಸಿ. ಆಮೇಲೂ ಕೊಡುವ ಮನಸ್ಸಾದರೆ ಕೊಡಿ, ನೂರಾದರೂ ಸರಿ. ಹಣಕ್ಕೆ ಮನಸ್ಸು ಬಾರದಿದ್ದರೆ ಮೈಬಗ್ಗಿಸಿ. ಈಗ ನಾನು ಪ್ರತಿ ವರ್ಷ ದೇವಸ್ಥಾನದ ಅಂಗಳಕ್ಕೆ ಚಪ್ಪರ ಹಾಕಲು ಸೋಗೆ ಹೊರುತ್ತೇನೆ, ಸಂತರ್ಪಣೆಯಲ್ಲಿ ಕೊನೆಯ ಪಂಕ್ತಿಯವರೆಗೆ ಬಡಿಸುತ್ತೇನೆ. ಹೆಸರಿನ ಕಲ್ಲು ಅಲ್ಲೇ ಬಲಗಡೆ ಇದೆ. ಸಾರಿನ ಬಕೆಟ್ ಹಿಡಿದು ಅದರ ಮುಂದೆಯೇ ಓಡಾಡುತ್ತೇನೆ.