ಮೂರು ಭಾಷೆಗೆ ಒಂದೇ ಪಟ್ಟಿ ಸಾಲದು

ನಮಸ್ಕಾರ,

ನಿಮ್ಮ ಲೇಖನ ಪೂರ್ತಿ ಓದಿದೆ. ಫಾರ್ಮಲ್ ಸ್ಪೆಸಿಫಿಕೇಶನ್ ಭಾಷೆಗಳಲ್ಲಿ (ಸಾಫ್ಟ್‌ವೇರ್ ಏನು ಮಾಡಬೇಕು ಅಂತ ಗಣಿತದ ಚಿಹ್ನೆಗಳಲ್ಲಿ ಬರೆಯುವ ಭಾಷೆಗಳು) ಎಕ್ಸ್‌ಪ್ರೆಶನ್‌ಗಳ ಗ್ರಾಮರ್ ಏನು, ಯಾವ ಆಪರೇಟರ್‌ಗೆ ಎಷ್ಟು ಆದ್ಯತೆ (ಯಾವುದನ್ನು ಮೊದಲು ಕಟ್ಟಬೇಕು) ಅಂತ ಕನ್ನಡದಲ್ಲಿ ಬರೆಯಲು ಹೊರಟಿದ್ದೀರಿ. ಇದು ಬೇಕೇ ಬೇಕು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಝಡ್, ಬಿ, ಟಿಎಲ್‌ಎ ಪ್ಲಸ್ ಎಂಬ ಮೂರು ಭಾಷೆಗಳಿಗೂ ಸೇರಿಸಿ ಒಂದೇ ಆದ್ಯತೆಯ ಪಟ್ಟಿ ಕೊಟ್ಟಿದ್ದೀರಿ. ತೊಂದರೆ ಶುರುವಾಗುವುದು ಅಲ್ಲೇ. ಕೂಡುವುದು, ಗುಣಿಸುವುದರಲ್ಲಿ ಓದುಗರು ಅಷ್ಟಾಗಿ ಎಡವುವುದಿಲ್ಲ. ಆದರೆ ‘ಅ ⇒ ಬ ⇒ ಕ’ ತೆಗೆದುಕೊಳ್ಳಿ (⇒ ಅಂದರೆ ‘ಎಡದ್ದು ನಿಜವಾದರೆ ಬಲದ್ದೂ ನಿಜ’; ಎಡದ್ದು ಸುಳ್ಳಾದರೆ ಇಡೀ ಮಾತು ನಿಜ). ಝಡ್ ಇದನ್ನು ‘ಅ ⇒ (ಬ ⇒ ಕ)’ ಎಂದು ಓದುತ್ತದೆ. ಬಿ ‘(ಅ ⇒ ಬ) ⇒ ಕ’ ಎಂದು ಓದುತ್ತದೆ. ಅ, ಬ, ಕ ಮೂರೂ ಸುಳ್ಳು ಅಂದುಕೊಳ್ಳಿ. ಆಗ ಝಡ್‌ನಲ್ಲಿ ಉತ್ತರ ನಿಜ, ಬಿಯಲ್ಲಿ ಸುಳ್ಳು! ಟಿಎಲ್‌ಎ ಪ್ಲಸ್ ಅಂತೂ ಆವರಣ ಹಾಕದೆ ಒಪ್ಪುವುದೇ ಇಲ್ಲ. ನಿಮ್ಮ ಪಟ್ಟಿಯಲ್ಲಿ ⇒ ಕೊನೆಯ ಸಾಲಿನಲ್ಲಿ ಕೂತಿದೆ, ಅಷ್ಟೇ. ಎಡದಿಂದ ಕಟ್ಟಬೇಕೋ ಬಲದಿಂದಲೋ, ಒಂದು ಮಾತೂ ಇಲ್ಲ.

‘ಅ ∨ ಬ ∧ ಕ’ (∨ ಅಂದರೆ ‘ಅಥವಾ’, ∧ ಅಂದರೆ ‘ಮತ್ತು’) ಇನ್ನೂ ಅಪಾಯದ್ದು. ಪ್ರೋಗ್ರಾಮಿಂಗ್ ಮಾಡಿ ಬಂದವರು ∧ ಮೊದಲು ಅಂತ ಸುಮ್ನೆ ನಂಬಿಬಿಡುತ್ತಾರೆ. ಬಿಯಲ್ಲಿ ಎರಡೂ ಒಂದೇ ಮಟ್ಟದಲ್ಲಿವೆ, ಎಡದಿಂದ ಕಟ್ಟುತ್ತವೆ. ಹಾಗಾಗಿ ಅದು ‘(ಅ ∨ ಬ) ∧ ಕ’ ಆಗುತ್ತದೆ. ದೂರು ಹೇಳುವವರು ಯಾರೂ ಇಲ್ಲ, ಅರ್ಥ ಮಾತ್ರ ಬೇರೆ. ಟಿಎಲ್‌ಎ ಪ್ಲಸ್‌ನಲ್ಲಿ ಆದ್ಯತೆಯನ್ನು ‘ಇಷ್ಟರಿಂದ ಇಷ್ಟರವರೆಗೆ’ ಎಂದು ಕೊಡುತ್ತಾರೆ. ∧, ∨ ಎರಡಕ್ಕೂ 3–3. ಎರಡರ ವ್ಯಾಪ್ತಿ ತಾಗುವುದರಿಂದ ಪಾರ್ಸರ್ (ಬರೆದದ್ದನ್ನು ಗ್ರಾಮರ್ ಪ್ರಕಾರ ಬಿಡಿಸಿ ಓದುವ ಪ್ರೋಗ್ರಾಂ) ಅಲ್ಲೇ ತಡೆಯುತ್ತದೆ. ನನಗೆ ಇದೇ ಸರಿ ಅನ್ನಿಸುತ್ತದೆ. ಯಾವ ಬರಹ ನಿಷಿದ್ಧ ಅಂತ ಹೇಳುವುದೂ ಗ್ರಾಮರ್‌ನ ಕೆಲಸವೇ ಅಲ್ವಾ? ನಿಮ್ಮ ಲೇಖನದಲ್ಲಿ ‘ಇದನ್ನು ಬರೆಯುವಂತಿಲ್ಲ’ ಎನ್ನುವ ಉದಾಹರಣೆ ಒಂದೂ ಇಲ್ಲ.

ಗ್ರಾಮರ್ ಭಾಗದಲ್ಲಿ ‘ಎಕ್ಸ್‌ಪ್ರೆಶನ್, ಆಪರೇಟರ್, ಎಕ್ಸ್‌ಪ್ರೆಶನ್’ ಎಂಬ ಒಂದೇ ನಿಯಮ ಇಟ್ಟಿದ್ದೀರಿ. ಅದರಿಂದ ಒಂದೇ ಸಾಲಿಗೆ ಎರಡು ಮರ, ಅಂದರೆ ಎರಡು ರೀತಿಯ ಜೋಡಣೆ, ಹುಟ್ಟುತ್ತವೆ. ಮಟ್ಟಕ್ಕೊಂದು ನಿಯಮ ಬರೆಯಿರಿ. ಇಲ್ಲವೇ ಪಟ್ಟಿಯೂ ಗ್ರಾಮರ್‌ನ ಭಾಗ ಎಂದು ಸ್ಪಷ್ಟವಾಗಿ ಹೇಳಿ. ∀ (‘ಎಲ್ಲಕ್ಕೂ’ ಎಂಬ ಚಿಹ್ನೆ) ಎಲ್ಲಿಯವರೆಗೆ ಚಾಚುತ್ತದೆ ಅನ್ನುವುದನ್ನೂ ಸೇರಿಸಿ.

ಟಿಎಲ್‌ಎ ಪ್ಲಸ್‌ನಲ್ಲಿ ∧ಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಆ ಜೋಡಣೆಯೇ ಆವರಣದ ಕೆಲಸ ಮಾಡುತ್ತದೆ ಎಂದು ವಿವರಿಸಿದ್ದೀರಲ್ಲ, ಆ ಪುಟ ತುಂಬಾ ಚೆನ್ನಾಗಿದೆ. ಒಂದು ಸಾಲು ಪಕ್ಕಕ್ಕೆ ಸರಿದರೆ ಅರ್ಥ ಹೇಗೆ ಬದಲಾಗುತ್ತದೆ ಅಂತ ತೋರಿಸಿದ ರೀತಿ ನನಗೆ ಬಹಳ ಇಷ್ಟವಾಯಿತು. ಅದನ್ನು ಮುಟ್ಟಬೇಡಿ. ಪಟ್ಟಿಯನ್ನು ಭಾಷೆಗೊಂದರಂತೆ ಮೂರು ಮಾಡಿ. ಪ್ರತಿ ಉದಾಹರಣೆಯನ್ನೂ ಆಯಾ ಭಾಷೆಯ ಪಾರ್ಸರ್‌ಗೆ ಕೊಟ್ಟು ನೋಡಿ, ಆಮೇಲೆ ಮತ್ತೆ ಕಳಿಸಿ. ಖಂಡಿತ ಓದುತ್ತೇನೆ.